ಹ್ಞೂ ಅನ್ನುವವರು ಬೇಕಾಗಿದ್ದಾರೆ

ಹಣಮಂತ್ರಾಯ ಮಾಸ್ತರರಿಗೆ ಗಣಿತ ಬರುತ್ತಿತ್ತು, ಪಂಕ್ಚರ್ ತೆಗೆಯಲು ಬರುತ್ತಿತ್ತು, ಬದನೆಕಾಯಿ ಎಣಗಾಯಿ ಮಾಡಲೂ ಬರುತ್ತಿತ್ತು. ಬಾರದೇ ಇದ್ದದ್ದು ಒಂದೇ. ಎದುರಿಗೆ ಯಾರೂ ಇಲ್ಲದಾಗ ಮಾತಾಡಲು ಬರುತ್ತಿರಲಿಲ್ಲ.

ಇದೇನು ದೊಡ್ಡ ಕೊರತೆಯೇ ಅಂತ ನೀವು ಕೇಳಬಹುದು. ಅಲ್ಲವೇ ಅಲ್ಲ. ಎದುರಿಗೆ ಯಾರೂ ಇಲ್ಲದೆ ಮಾತಾಡುವವರನ್ನು ನಮ್ಮ ಇಂಡಿ ಊರಿನಲ್ಲಿ ಮೊದಲು ಮನೆಯವರು ಬೈಯುತ್ತಾರೆ, ಆಮೇಲೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸುತ್ತಾರೆ. ಐವತ್ನಾಲ್ಕು ವರ್ಷ ಮಾಸ್ತರರಿಗೆ ಈ ಕೊರತೆಯಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಕಂಪ್ಯೂಟರಿನ ಪರದೆಯನ್ನೇ ಹಿಡಿದು ವಿಡಿಯೋ ಮಾಡುವ ಸಾಫ್ಟ್‌ವೇರು ಮನೆಗೆ ಬಂದಾಗ.

ಮೊದಲು ಅವರು ಪಾಠ ಮಾಡುವ ರೀತಿ ಹೇಳಬೇಕು. ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತಾರೆ, ತಿರುಗಿ ನಿಂತು, ಹುಬ್ಬೇರಿಸಿ, "ಹ್ಞೂ?" ಅನ್ನುತ್ತಾರೆ. ಮಕ್ಕಳು "ಹ್ಞೂ" ಅನ್ನುವವರೆಗೆ ಎರಡನೇ ಸಾಲಿಗೆ ಹೋಗುವುದಿಲ್ಲ. ಇನ್ಸ್‌ಪೆಕ್ಟರು ಬಂದು ನಿಂತಿದ್ದರೂ ಇಲ್ಲ. ಆ ಹ್ಞೂ ಕೇಳಿಯೇ ಅವರಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ತಿಳಿದ ಹ್ಞೂ ಬೇರೆ, ಹಸಿವಾದ ಹ್ಞೂ ಬೇರೆ, ಪಕ್ಕದವನು ಅಂದನೆಂದು ಅಂದ ಹ್ಞೂ ಬೇರೆ. ಸಂಶಯ ಬಂದರೆ ಒಂದು ಸಾಲು ಅಳಿಸಿ ಹಿಂದಕ್ಕೆ ಹೋಗುತ್ತಿದ್ದರು.

ಈ ಚಟ ಅವರಿಗೆ ಹತ್ತಿದ್ದು ತಾಯಿ ಹನಮವ್ವನಿಂದ. ಎರಡೂ ಮನೆತನಕ್ಕೆ ಮನೆದೇವರು ಹಣಮಪ್ಪ, ಹಾಗಾಗಿ ಅತ್ತ ತವರಿನಲ್ಲಿ ಅವಳಿಗೂ ಅದೇ ಹೆಸರು, ಇತ್ತ ಮಗನಿಗೂ ಅದೇ ಹೆಸರು. ಇವರು ಸಣ್ಣವರಿದ್ದಾಗ ಕಥೆ ಹೇಳುವಾಗ ಅವಳದು ಒಂದೇ ಕಾಯಿದೆ. ಕೇಳುವವರು ಹ್ಞೂ ಅನ್ನುತ್ತಿರಬೇಕು. ಹ್ಞೂ ನಿಂತಿತೋ, ಕಥೆಯೂ ನಿಂತಿತು. ರಾಜಕುಮಾರ ಬಾವಿಯೊಳಗೆ ನೇತಾಡುತ್ತಿದ್ದರೂ ಸರಿಯೇ, ಅವನು ಮರುದಿನದವರೆಗೆ ಅಲ್ಲೇ ನೇತಾಡಬೇಕು.

ಮಾಸ್ತರರು ಹದಿನೈದು ವರ್ಷ ಗೊಳಸಂಗಿಯಾಚೆಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿದ್ದರು. ಅಲ್ಲೊಂದು ಖೋಲಿ ಹಿಡಿದು, ಶನಿವಾರ ಎರಡು ಬಸ್ಸು ಬದಲಿಸಿ ಇಂಡಿಯ ಮನೆಗೆ ಬಂದು, ಸೋಮವಾರ ನಸುಕಿನಲ್ಲಿ ಮತ್ತೆ ಬಸ್ಸು. ಡಿಸೆಂಬರಿನಲ್ಲಿ ಇಂಡಿಗೆ ಹತ್ತಿರದ ಹೊರ್ತಿಯ ಕಡೆಗೆ ವರ್ಗವಾಯಿತು. ಮನೆಯ ಊಟ, ಮನೆಯ ಹಾಸಿಗೆ. ಹೆಂಡತಿ ಇಂದ್ರವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಹಳೆಯ ಶಾಲೆಯಲ್ಲಿ ಹತ್ತನೆಯ ಇಯತ್ತೆಯ ಮಕ್ಕಳು ಅರ್ಧ ಪುಸ್ತಕದಲ್ಲಿ ಉಳಿದರು. ಇವರ ಜಾಗಕ್ಕೆ ಬಂದವರು ಇಪ್ಪತ್ತೇ ದಿನಕ್ಕೆ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಪಾಪ, ಅವರದೇನೂ ತಪ್ಪಿಲ್ಲ, ತಪ್ಪೆಲ್ಲ ಅಡ್ಡ ಬಂದ ಹಂದಿಯದು.

ಮೇ ತಿಂಗಳ ಮೊದಲ ವಾರ ಫಲಿತಾಂಶ ಬಂತು. ಆ ಶಾಲೆಯ ಹನ್ನೊಂದು ಮಕ್ಕಳು ಉಳಿದದ್ದೆಲ್ಲ ಪಾಸಾಗಿ, ಗಣಿತದಲ್ಲಿ ಮಾತ್ರ ಢುಮಕಿ ಹೊಡೆದಿದ್ದರು. ಮರುದಿನ ಅವರಲ್ಲೊಬ್ಬಳಾದ ನಿಷತ ಫೋನ್ ಮಾಡಿದಳು. ಆ ಹುಡುಗಿ ಮಾತಿನಲ್ಲಿ ಯಾವತ್ತೂ ಫೇಲಾದವಳಲ್ಲ.

"ಸರ್ರ, ನೀವು ಹೋಗುವಾಗ ನಮಗೇನಂದಿದ್ರಿ ನೆನಪೈತೇನ್ರಿ?"

"ಏನಂದಿದ್ದೆವಾ?"

"ನಾ ಎಲ್ಲೇ ಇದ್ರೂ ನಿಮ್ಮನ್ನ ಬಿಡಂಗಿಲ್ಲ ಅಂದಿದ್ರಿ. ಬಿಟ್ರಿ. ನಾವು ಹನ್ನೊಂದು ಮಂದಿ ಹಳ್ಳಕ್ಕ ಬಿದ್ದೇವಿ. ಎರಡನೇ ಪರೀಕ್ಷಾಕ್ಕ ಇಪ್ಪತ್ನಾಲ್ಕು ದಿನ ಐತ್ರಿ. ಈ ಸಲ ಪಾಸಾದ್ರ ಕಾಲೇಜು, ಇಲ್ಲಂದ್ರ ಹೊಲಿಗಿ ಮಷಿನ್ ಅಂತ ಅಪ್ಪ ಹೇಳ್ಯಾನ. ಮಷಿನ್ ಆಗಲೇ ನೋಡಿ ಬಂದಾನ್ರಿ."

ಮಾಸ್ತರರಿಗೆ ಊಟ ಸೇರಲಿಲ್ಲ. ಅವರ ಮಾತು ಸುಳ್ಳಾಗಿತ್ತು, ಅದನ್ನು ಹದಿನಾರು ವರ್ಷದ ಹುಡುಗಿ ಮುಖಕ್ಕೆ ಹೇಳಿದ್ದಳು. ಹೋಗಿ ಅಲ್ಲೇ ಉಳಿಯೋಣವೆಂದರೆ ಹೊಸ ಶಾಲೆಯಲ್ಲೂ ಫೇಲಾದ ಮಕ್ಕಳಿಗೆ ದಿನಾ ಮಧ್ಯಾಹ್ನದವರೆಗೆ ವಿಶೇಷ ತರಗತಿ. ಫೋನಿನಲ್ಲಿ ಪಾಠ ಹೇಳೋಣವೆಂದರೆ ಆ ಊರಿನಲ್ಲಿ ನೆಟ್‌ವರ್ಕು ಬೇವಿನ ಗಿಡ ಹತ್ತಿದವರಿಗೆ ಮಾತ್ರ ಸಿಗುತ್ತದೆ. ಇಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದ ಅಯೂಬ ಉಪಾಯ ಹೇಳಿದ.

"ವಿಡಿಯೋ ಮಾಡಿ ಕಳಸ್ರಿ ಸರ್ರ. ಒಮ್ಮೆ ಇಳಿಸಿಕೊಂಡ್ರ ನೂರು ಸಲ ನೋಡ್ತಾವು." ಮಗಳು ಪ್ರಜ್ಞಾ ಓದಿ ಮುಗಿಸಿ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿಗೆ ಅವನೇ ಸಾಫ್ಟ್‌ವೇರು ಹಾಕಿಕೊಟ್ಟ. "ಈ ಕೆಂಪು ಚುಕ್ಕಿ ಒತ್ತ್ರಿ. ಪರದೆ ಮ್ಯಾಲ ನೀವು ಬರೆಯೋದು, ಅಳಿಸೋದು ಎಲ್ಲಾ ಹಿಡೀತೈತಿ. ನಿಮ್ಮ ದನಿ ಹಿಡೀತೈತಿ. ಮಾರಿ ಒಂದು ಕಾಣಂಗಿಲ್ಲ."

"ಮಾರಿ ಕಾಣದಿದ್ರ ಅರ್ಧ ಕೆಲಸ ಆತು ಬಿಡು," ಅಂದರು ಮಾಸ್ತರರು.

ಮರುದಿನ ಮಧ್ಯಾಹ್ನ ಊಟ ಮುಗಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. ಫ್ಯಾನಿನ ಗರಗರ ಸದ್ದು ವಿಡಿಯೋದಲ್ಲಿ ಬರುತ್ತದೆಂದು ಅದನ್ನೂ ಬಂದ್ ಮಾಡಿದ್ದರು. ಮೇ ತಿಂಗಳು, ಇಂಡಿ, ಫ್ಯಾನಿಲ್ಲದ ಕೋಣೆ. ಇದಕ್ಕಿಂತ ಹೆಚ್ಚಿನ ತ್ಯಾಗವನ್ನು ಗಣಿತಕ್ಕಾಗಿ ಯಾರೂ ಮಾಡಿರಲಿಕ್ಕಿಲ್ಲ. ಕೆಂಪು ಚುಕ್ಕಿ ಒತ್ತಿ, ಗಂಟಲು ಸರಿಮಾಡಿಕೊಂಡು, "ಮಕ್ಕಳೇ, x ಕೂಡಿಸು ಐದು ಸಮ ಹನ್ನೆರಡು," ಎಂದು ಪರದೆಯ ಮೇಲೆ ಬರೆದರು. ಹುಬ್ಬೇರಿಸಿ, "ಹ್ಞೂ?" ಅಂದರು.

ಯಾರೂ ಹ್ಞೂ ಅನ್ನಲಿಲ್ಲ. ಮಾಸ್ತರರು ಕಾದರು. ಬೆವರು ಮೂಗಿನ ತುದಿಗೆ ಬಂದು ನಿಂತಿತು. ಮುಂದಿನ ಸಾಲು ಗೊತ್ತಿತ್ತು, ನಾಲಿಗೆಯ ಮೇಲೇ ಇತ್ತು, ಆದರೆ ಇಳಿಯಲೊಲ್ಲದು. ಹನ್ನೊಂದು ನಿಮಿಷದ ಆ ಮೊದಲ ವಿಡಿಯೋದಲ್ಲಿ ಒಂಬತ್ತು ನಿಮಿಷ ಸಮೀಕರಣವೊಂದು ಸುಮ್ಮನೆ ನಿಂತಿದೆ, ಕೊನೆಗೆ "ಏ, ಹೋಗಲೇ ಇದರ" ಎಂಬ ದನಿ ಕೇಳುತ್ತದೆ.

ಮರುದಿನ ಹೆಂಡತಿಯನ್ನು ಕರೆದು ಕೂಡಿಸಿಕೊಂಡರು. ಇಂದ್ರವ್ವ ಅಂಗನವಾಡಿ ಕಾರ್ಯಕರ್ತೆ, ದಿನಾ ಮೂವತ್ತು ಕೂಸುಗಳನ್ನು ಸಂಭಾಳಿಸುವವಳು. ಅವಳಿಗೆ ಮೂವತ್ತೊಂದನೆಯದಕ್ಕೆ ತಾಳ್ಮೆ ಉಳಿದಿರಲಿಲ್ಲ. "ಹ್ಞೂ, ಹ್ಞೂ, ಹ್ಞೂ. ಮುಂದ ಹೇಳ್ರಿ, ನನಗ ಮೀಟಿಂಗಿಗೆ ಹೊತ್ತಾತು," ಎಂದು ಮಾಸ್ತರರು ಕೇಳುವ ಮೊದಲೇ ಮುಂಗಡವಾಗಿ ಹತ್ತು ಹ್ಞೂ ಕೊಟ್ಟು ಎದ್ದಳು. ದಾರಿಯಿಂದ ಅವಳು ಕಳಿಸಿದ ಸಂದೇಶ ಪರದೆಯ ಮೂಲೆಯಲ್ಲಿ ಟಣ್ಣೆಂದು ಮೂಡಿತು. 'ಮೂಲವ್ಯಾಧಿ ಗುಳಿಗಿ ಬೀರುವಿನ ಮ್ಯಾಲ ಐತಿ, ಮರೀಬ್ಯಾಡ್ರಿ.' ಪರದೆಯ ಮೇಲಿನದೆಲ್ಲ ಹಿಡಿಯುತ್ತದೆಂದು ಅಯೂಬ ಸುಳ್ಳು ಹೇಳಿರಲಿಲ್ಲ. ಪುಣ್ಯಕ್ಕೆ ಕಳಿಸುವ ಮೊದಲು ಮಾಸ್ತರರ ಕಣ್ಣಿಗೆ ಬಿತ್ತು.

ಆಗ ಪಡಸಾಲೆಯಿಂದ ಹನಮವ್ವನ ದನಿ ಕೇಳಿತು. ಅವಳು ಉಪ್ಪಿನಕಾಯಿಗೆ ಲಿಂಬಿಹಣ್ಣು ಆರಿಸುತ್ತಿದ್ದಳು. "ಏನ್ ಕುಸ್ತಿ ಹಿಡ್ದಿ ತಮ್ಮಾ ಒಳಗ? ಹ್ಞೂ ಅನ್ನೋರು ಬೇಕೇನು? ನಾ ಅಂತೇನಿ ತಗೋ. ಆದ್ರ ಫ್ಯಾನ್ ಹಚ್ಚು."

ಎಪ್ಪತ್ತಾರು ವರ್ಷದ ಹನಮವ್ವ ಶಾಲೆಯ ಮೆಟ್ಟಿಲು ಹತ್ತಿದ್ದು ಎರಡೇ ಸಲ. ಒಮ್ಮೆ ಮಗನ ಹೆಸರು ಹಚ್ಚಲು, ಒಮ್ಮೆ ಓಟು ಹಾಕಲು. ಲಿಂಬಿಹಣ್ಣಿನ ಬಿದಿರು ಪುಟ್ಟಿಯ ಸಮೇತ ಬಂದು ಗೋಡೆಗೆ ಆತು ಕುಳಿತಳು. ಫ್ಯಾನು ನಿಧಾನಕ್ಕೆ ಹಚ್ಚಬೇಕೆಂದು ಒಪ್ಪಂದವಾಯಿತು. ಮಾಸ್ತರರು ಬರೆದು, "ಹ್ಞೂ?" ಅಂದರು.

"ಊಹುಂ," ಅಂದಳು ಹನಮವ್ವ.

ಮಾಸ್ತರರು ದಂಗಾದರು. "ಯವ್ವ, ನೀ ಬರೇ ಹ್ಞೂ ಅಂದ್ರ ಸಾಕು."

"ತಿಳಿಲಾರದ್ದಕ್ಕ ಹ್ಯಾಂಗ ಅನ್ಲಿ? ಆ ಅಡ್ಡಗೆರಿ ಉದ್ದಗೆರಿ ಯಾರದು?"

"ಅದು x. ಗೊತ್ತಿಲ್ಲದ ಸಂಖ್ಯೆ."

"ಗೊತ್ತೇ ಇಲ್ಲಂದ್ರ ಹೆಸರ್ಯಾಕ ಇಟ್ಟಿ?"

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಮಾಸ್ತರರು ತಡವರಿಸಿ, ಬಸುರಿ ಹೊಟ್ಟೆಯ ಕೂಸಿನಂತೆ ಅದು, ಗಂಡೋ ಹೆಣ್ಣೋ ಗೊತ್ತಿಲ್ಲ, ಆದರೂ ನಾವು ಕೂಸು ಅನ್ನುವುದಿಲ್ಲವೇ ಅಂದರು. ಹನಮವ್ವ ಒಂದು ಲಿಂಬಿಹಣ್ಣು ಒತ್ತಿ ನೋಡಿ, "ಹ್ಞೂ. ಆತು," ಅಂದಳು. ಮಾಸ್ತರರ ನಾಲಿಗೆ ಸಡಿಲಾಯಿತು. ಒಂದೂವರೆ ತಾಸು ಪಾಠ ನಡೆಯಿತು, ಬೆವರು ಒರೆಸಿಕೊಂಡು ಕಳಿಸಿದರು, ಗೆದ್ದೆ ಅಂದುಕೊಂಡರು.

ಸಂಜೆ ನಿಷತ ಬೇವಿನ ಗಿಡ ಹತ್ತಿ ಫೋನ್ ಮಾಡಿದಳು. "ಸರ್ರ, ಬಾಣದ ಗುರ್ತು ಒಂದು ಅಡ್ಡಾಡಾಕತ್ತೈತ್ರಿ. ಮಾತೇ ಇಲ್ಲ." ಮೈಕಿನ ಮುಂದಿನ ಚೌಕದಲ್ಲಿ ಸರಿ ಗುರುತು ಹಾಕುವುದನ್ನು ಮಾಸ್ತರರು ಮರೆತಿದ್ದರು. ಜೀವಮಾನವಿಡೀ ಮಕ್ಕಳ ಹಾಳೆಯ ಮೇಲೆ ಸರಿ ಗುರುತು ಹಾಕಿದ ಮನುಷ್ಯ!

"ಅಂದ್ರ ನಾ ತಿಳಕೊಂಡಿದ್ದೆಲ್ಲಾ ದಂಡ ಆತೇನು?" ಎಂದು ಹನಮವ್ವ ಗಾಬರಿಯಾದಳು.

"ನಿನಗ ತಿಳಿದದ್ದು ಎಲ್ಲಿ ಹೊಕ್ಕೈತಿ ಯವ್ವ? ನಾಳೆ ಮತ್ತ ಕೂಡೂಣು."

ಮರುದಿನ ಕೂತರು. ಈಗ ದೊಡ್ಡ ಜಗಳ ಹತ್ತಿತು. "ಈ ಐದು ಸಮ ಚಿಹ್ನೆ ದಾಟಿ ಆ ಕಡೆ ಹೋಗ್ತೈತಿ. ದಾಟಿದ ಕೂಡಲೇ ಕೂಡಿಸೋದು ಹೋಗಿ ಕಳೆಯೋದು ಆಗ್ತೈತಿ. ಹ್ಞೂ?"

"ಊಹುಂ. ಯಾಕ ಆಗ್ತೈತಿ?"

"ಅದು ನಿಯಮ."

"ಯಾರ ನಿಯಮ? ಇಲ್ಲಿ ಇದ್ದಾಗ ಕೂಡಿಸಾಂವ, ಬಾಜೂಮನಿಗೆ ಹೋದ ಕೂಡಲೇ ಕಳಿಯಾಂವ ಹ್ಯಾಂಗಾದ? ಬುದ್ಧಿಗಿದ್ಧಿ ಕೆಟ್ಟಿತ್ತೇನು ಅವಂಗ?"

ಮಾಸ್ತರರು ಪರದೆಯ ಮೇಲೆ ಮೌಸಿನಿಂದ ಒಂದು ತಕ್ಕಡಿ ಬರೆದರು. ಅದು ಹಲ್ಲಿಯ ಹಾಗೆ ಬಂತು. ಅಳಿಸಿ ಮತ್ತೆ ಬರೆದರು, ಇನ್ನೂ ದೊಡ್ಡ ಹಲ್ಲಿಯಾಯಿತು. "ಇದು ತಕ್ಕಡಿ ಅಂತ ತಿಳಕೊರ್ರಿ," ಎಂದು ಮಕ್ಕಳಿಗೆ ಹೇಳಿ ಮುಂದುವರಿಸಿದರು. ಈ ಪರಡಿಯಲ್ಲಿ, ಅಂದರೆ ತಕ್ಕಡಿಯ ಈ ತಟ್ಟೆಯಲ್ಲಿ, ಒಂದು ಗಂಟು, ಗಂಟಿನೊಳಗೆ ಎಷ್ಟು ಲಿಂಬಿಹಣ್ಣು ಗೊತ್ತಿಲ್ಲ. ಗಂಟಿನ ಪಕ್ಕ ಬಿಡಿ ಹಣ್ಣು ಐದು. ಆ ಪರಡಿಯಲ್ಲಿ ಹನ್ನೆರಡು. ತಕ್ಕಡಿ ಸಮ ನಿಂತಿದೆ. ಗಂಟಿನಲ್ಲಿ ಎಷ್ಟು?

ಹನಮವ್ವ ಕೈಯಲ್ಲಿನ ಹಣ್ಣು ಕೆಳಗಿಟ್ಟಳು. "ಈ ಕಡಿಂದ ಐದು ತೆಗಿ. ಬರೇ ಈ ಕಡೆ ತೆಗೆದ್ರ ಮೋಸ ಆತು, ಆ ಕಡಿಂದನೂ ಐದು ತೆಗಿ. ಅಲ್ಲಿ ಏಳು ಉಳೀತು. ಗಂಟಿನ್ಯಾಗ ಏಳು!" ಕೂಡಲೇ ದನಿಯೇರಿಸಿದಳು. "ಅಂದ್ರ ಅದು ಆ ಕಡೆ ಹೋಗೇ ಇಲ್ಲಲ್ಲೋ! ಎರಡೂ ಕಡೆ ತೆಗೆದಿದ್ದು. ಹೋಗ್ತೈತಿ, ದಾಟತೈತಿ ಅಂತ ಯಾಕ ಸುಳ್ಳು ಹೇಳ್ತಿ ಮಕ್ಕಳಿಗೆ?"

ಐವತ್ತೆರಡು ನಿಮಿಷದ ಆ ಪಾಠದಲ್ಲಿ ಹನಮವ್ವನ ಹತ್ತೊಂಬತ್ತು ಊಹುಂಗಳಿದ್ದವು. ಈ ಸಲ ಮೈಕಿನ ಗುರುತನ್ನು ಮಾಸ್ತರರು ಮೂರು ಸಲ ನೋಡಿಕೊಂಡಿದ್ದರು.

ನಿಷತಳ ಅಂಗಳದಲ್ಲಿ ಹನ್ನೊಂದು ಮಕ್ಕಳೂ ಒಂದೇ ಫೋನಿಗೆ ಮುತ್ತಿಕೊಂಡು ನೋಡಿದರು. "ಸರ್ರ, ನಾವು ಕೇಳಬೇಕಂದಿದ್ದನ್ನ ನಿಮ್ಮವ್ವ, ಆ ಆಯಿನ ಕೇಳಿಬಿಡ್ತಾರ್ರಿ," ಎಂದು ನಿಷತ ಕುಣಿದಾಡಿದಳು. "ಎಲ್ಲಾರಿಗೂ ತಿಳಿದೈತಿ. ಭೀಮು ಒಬ್ಬಂದೇ ಗೊತ್ತಾಗೂದಿಲ್ರಿ. ಅವ ವಿಡಿಯೋ ಚಾಲೂ ಆಗೂ ಮೊದಲ ಹ್ಞೂ ಅಂತಾನ." ಮಾಸ್ತರರಿಗೆ ಭೀಮು ಚೆನ್ನಾಗಿ ಗೊತ್ತಿದ್ದ. ಇಡೀ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಹ್ಞೂ ಅನ್ನುವ ಹುಡುಗ. ಫೇಲಾದವರಲ್ಲಿ ಎಲ್ಲರಿಗಿಂತ ಕಡಿಮೆ ಅಂಕವೂ ಅವನದೇ.

ಆ ವಿಡಿಯೋ ಫೋನಿನಿಂದ ಫೋನಿಗೆ ಹಾರಿತು. ಸಿಂದಗಿಯಲ್ಲಿ ಇಬ್ಬರು ಮಾಸ್ತರರು 'ದಾಟುತ್ತದೆ' ಅನ್ನುವುದು ಸುಳ್ಳೋ ಅಲ್ಲವೋ ಎಂದು ಚಹಾದ ಅಂಗಡಿಯಲ್ಲಿ ಕೈಕೈ ಮಿಲಾಯಿಸುವುದೊಂದು ಬಾಕಿ. ಮುದ್ದೇಬಿಹಾಳದ ಒಬ್ಬ ಕಿರಾಣಿ ವ್ಯಾಪಾರಿ, ತಕ್ಕಡಿಯನ್ನು ಹಾಗೆ ಬರೆಯುವುದಲ್ಲವೆಂದು ತನ್ನ ತಕ್ಕಡಿಯ ಫೋಟೋ ತೆಗೆದು ಕಳಿಸಿದ. ಮಾಸ್ತರರು ಓಣಿಯಲ್ಲಿ ನಡೆಯುವಾಗ ಎದೆ ಸ್ವಲ್ಪ ಮುಂದೆ ಬರತೊಡಗಿತು. ಮನುಷ್ಯ ತಾನೇ?

ಹೀಗಿರುವಾಗ ಶ್ರೀವಲ್ಲಭ ಎಂಬವರ ಫೋನು ಬಂತು. ಒಳ್ಳೆಯ ಪಾಠಗಳನ್ನು ಕೂಡಿಸಿ ಜಿಲ್ಲೆಯ ಶಾಲೆಗಳಿಗೆಲ್ಲ ಹಂಚುವ ಒಂದು ಶಿಕ್ಷಕರ ಬಳಗವನ್ನು ಅವರು ನಡೆಸುತ್ತಿದ್ದರು. "ಭಾಳ ಛಂದ ಹೇಳ್ಲಿಕ್ಕತ್ತೀರಿ ಹಣಮಂತ್ರಾಯರ. ಇಡೀ ಜಿಲ್ಲಾಕ್ಕ ಕಳಸೋಣ. ಆದ್ರ ನಡಬರಕ ಅದ್ಯಾರೋ ಮುದುಕಿ ಧ್ವನಿ ಬರ್ತದ ನೋಡ್ರಿ. ಅದನ್ನ ತಗದು ಸ್ವಚ್ಛ ಮಾಡಿ ಕೊಡ್ರಿ. ಸ್ಟ್ಯಾಂಡರ್ಡ್ ಅನ್ನೋದು ಒಂದು ಇರ್ಬೇಕಲ್ರಿ."

ಅದು ನಮ್ಮವ್ವ ರೀ ಅನ್ನಬೇಕಿತ್ತು. ಮಾಸ್ತರರು "ಆಗ್ಲಿ ಸರ್" ಅಂದರು. ಇಡೀ ಜಿಲ್ಲೆ ಅನ್ನುವ ಶಬ್ದಕ್ಕೆ ಅಂಥ ಶಕ್ತಿ ಇದೆ.

ಅಯೂಬ ಎರಡು ದಿನ ಕುಳಿತು ಕತ್ತರಿಸಿದ. ಐವತ್ತೆರಡು ನಿಮಿಷದ್ದು ಒಂಬತ್ತು ನಿಮಿಷಕ್ಕೆ ಇಳಿಯಿತು. ಅದೇ ಅಳತೆಯಲ್ಲಿ ಮುಂದಿನ ಐದು ಪಾಠಗಳನ್ನೂ ಕತ್ತರಿಸಿ, ಪೆನ್ ಡ್ರೈವ್ ಹಿಡಿದು ಮನೆಗೇ ಬಂದು, ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ತೋರಿಸಿದ. ಹನಮವ್ವ ಕಣ್ಣರಳಿಸಿ ಕೇಳುತ್ತ ಕುಳಿತಳು. ಪಾಠ ಸರಸರ ಹೋಗಿ ಮುಗಿಯಿತು.

"ನಾ ಎಲ್ಲಿ?" ಅಂದಳು.

"ನಿಮ್ಮನ್ನ ಕಟ್ ಮಾಡೇವಿ ಆಯಿ. ದೊಡ್ಡೋರು ಹೇಳ್ಯಾರ, ಸ್ವಚ್ಛ ಇರಬೇಕಂತ," ಅಂದ ಅಯೂಬ, ಪಾಪ, ಯಾವ ಕಪಟವೂ ಇಲ್ಲದೆ.

ಹನಮವ್ವ ಮಗನ ಮುಖ ನೋಡಿದಳು. ಮಗ ಪೆನ್ ಡ್ರೈವ್ ನೋಡಿದ. "ಹ್ಞೂ," ಅಂದು ಎದ್ದು ಒಳಗೆ ಹೋದಳು. ನೂರು ತರಹದ ಹ್ಞೂ ಗುರುತಿಸುವ ಮಾಸ್ತರರಿಗೆ ಆ ಒಂದು ಹ್ಞೂ ಮಾತ್ರ ಕೇಳಿಸಲಿಲ್ಲ.

ಅವೇ ಐದು ಸ್ವಚ್ಛ ಪಾಠಗಳು ಹಳ್ಳಿಗೂ ಹೋದವು. ಮೂರನೆಯ ದಿನ ನಿಷತಳ ಫೋನು. ದನಿಯಲ್ಲಿ ಎಂದಿನ ಜೋರಿಲ್ಲ.

"ಸರ್ರ, ಆಯಿ ಎಲ್ಲಿ ಹೋದ್ರ್ರಿ? ಆರಾಮ ಅದಾರಿಲ್ಲ?"

"ಆರಾಮ ಅದಾಳ. ಯಾಕ?"

"ಆಯಿ ಇಲ್ಲಂದ್ರ ನೀವು ಭಾಳ ಜೋರ್ ಓಡ್ತೀರಿ ಸರ್ರ. ಎಲ್ಲಿ ನಿಂದರಬೇಕು ಅಂತ ನಮಗ ತಿಳೀವಲ್ದು. ಐದು ಪಾಠದಾಗ ಒಂದೂ ತಲಿಗೆ ಹೋಗಿಲ್ಲ. ಇನ್ನ ಒಂಬತ್ತು ದಿನ ಐತಿ. ನಮ್ಮಪ್ಪ ಮಷಿನ್‌ಗೆ ಅಡ್ವಾನ್ಸ್ ಕೊಟ್ಟು ಬಂದ್ರಿ."

ಹುಡುಗಿ ಅಳುತ್ತಿದ್ದಳು. ಮಾಸ್ತರರು ಫೋನಿಟ್ಟು ಎದ್ದರು. ಆವತ್ತೇ ಮಧ್ಯಾಹ್ನ, "ಯವ್ವ, ಬಾ, ಪಾಠಕ್ಕ ಕೂಡು," ಎಂದು ಕರೆದರು. ಹನಮವ್ವ ಮರುಮಾತಿಲ್ಲದೆ ಪುಟ್ಟಿ ತಂದು ಕುಳಿತಳು.

"ತ್ರಿಭುಜದ ಈ ಬಾಹುವಿಗೆ ಸಮಾಂತರ ಗೆರಿ ಎಳೆದ್ರ ಉಳಿದ ಎರಡನ್ನೂ ಒಂದೇ ಪ್ರಮಾಣದಾಗ ಕಡೀತೈತಿ. ಹ್ಞೂ?"

"ಹ್ಞೂ."

ಮಾಸ್ತರರಿಗೆ ಖುಷಿಯಾಯಿತು. ಮುಂದಿನ ಸಾಲು. "ಹ್ಞೂ." ಅದರ ಮುಂದಿನ ಸಾಲು. "ಹ್ಞೂ." ಪುಟ್ಟಿಯಿಂದ ತಲೆಯನ್ನೇ ಎತ್ತುತ್ತಿರಲಿಲ್ಲ ಅವಳು. ಹತ್ತು ಸಾಲು, ಹತ್ತು ಹ್ಞೂ. ಮಾಸ್ತರರಿಗೆ ಎಲ್ಲೋ ಕಸಿವಿಸಿ ಶುರುವಾಯಿತು. ಹನ್ನೊಂದನೆಯದು ಬೇಕೆಂದೇ ತಪ್ಪು ಹೇಳಿದರು. "ಎರಡು ಕೂಡಿಸು ಮೂರು, ಒಟ್ಟು ಏಳು. ಹ್ಞೂ?"

"ಹ್ಞೂ," ಅಂದಳು ಹನಮವ್ವ.

ದಿನಾ ಬೆಳಿಗ್ಗೆ ಬಾಯಲ್ಲೇ ಲಿಂಬಿಹಣ್ಣಿನ ಲೆಕ್ಕ ಹಾಕುವ ಮುದುಕಿ! ಮಾಸ್ತರರು ಕೆಂಪು ಚುಕ್ಕಿ ಒತ್ತಿ ನಿಲ್ಲಿಸಿದರು. ಕುರ್ಚಿಯಿಂದಿಳಿದು ತಾಯಿಯ ಎದುರು ನೆಲಕ್ಕೆ ಕುಳಿತರು.

"ಯಾಕ ಯವ್ವ ಹಿಂಗ ಮಾಡಾಕತ್ತಿ?"

"ಮತ್ತೇನ್ ಮಾಡ್ಲೋ? ಹ್ಞೂ ಅನ್ನಾಕ ಬಾ ಅಂದಿ, ಬಂದೇನಿ. ಅನ್ನಾಕತ್ತೇನಿ." ಹನಮವ್ವನ ಕೈ ನಿಂತಿತು. ಕಣ್ಣು ತುಂಬಿದ್ದವು, ಸಿಟ್ಟೂ ಇತ್ತು. "ಹ್ಞೂ ಅನ್ನೂದು ನನಗೇನು ಹೊಸಾದಲ್ಲ ತಮ್ಮಾ. ನಿಮ್ಮಪ್ಪ ಹೋದಾಗ ಹೊಲದ ಕಾಗದ ತಂದು ತಿಳೀತೇನವಾ ಅಂದ್ರು. ಹ್ಞೂ ಅಂದೆ, ಹೆಬ್ಬೆಟ್ಟು ಒತ್ತಿದೆ. ದವಾಖಾನ್ಯಾಗ ಡಾಕ್ಟರು ಏನೇನೋ ಅಂತಾನ, ಹ್ಞೂ ಅಂತೇನಿ. ಬ್ಯಾಂಕಿನ್ಯಾಗ ಹ್ಞೂ. ತಿಳಿಲಿಲ್ಲಪ್ಪಾ ಅಂದ್ರ ಎಲ್ಲಾರೂ ಹಲ್ಲು ಕಡೀತಾರ. ಎಪ್ಪತ್ತಾರು ವರ್ಷ ಬರೇ ಹ್ಞೂ ಅನಕೋತ ಬಂದೇನಿ. ನಿನ್ನ ಮುಂದ ಒಮ್ಮೆ ಊಹುಂ ಅಂದು ನೋಡಿದೆ. ನೀ ಬೈಲಿಲ್ಲ. ಹಿಂದಕ್ಕ ಬಂದು ಮತ್ತ ಹೇಳಿದಿ. ಹತ್ತೊಂಬತ್ತು ಸಲ ಅಂದೆ, ಹತ್ತೊಂಬತ್ತು ಸಲ ಹಿಂದಕ್ಕ ಬಂದಿ. ನನಗ ಎಷ್ಟ್ ಸುಖ ಆಗಿತ್ತು ಗೊತ್ತೈತೇನು ನಿನಗ? ಅದನ್ನ ಕಡಿದು ಒಗದಿ. ಹೊಲಸು ಅಂತ."

ಮಾಸ್ತರರಿಗೆ ನಾಚಿಕೆಯಾಯಿತು, ತಾಯಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಹನ್ನೊಂದು ಮಕ್ಕಳಿಗೆ ಕೊಟ್ಟ ಮಾತನ್ನೂ, ಎದುರಿಗೆ ಕೂತವಳನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸಿಬಿಟ್ಟಿದ್ದರು. ಅವಳ ಎರಡೂ ಕೈ ಹಿಡಿದುಕೊಂಡರು. ಲಿಂಬಿಹಣ್ಣಿನ ವಾಸನೆ.

"ತಪ್ಪಾತು ಯವ್ವ. ದೊಡ್ಡ ತಪ್ಪಾತು. ನೀ ಊಹುಂ ಅನ್ನು. ಸಾವಿರ ಸಲ ಅನ್ನು."

"ಐದೇ ಮೊದಲು," ಅಂದಳು ಹನಮವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು. "ಎರಡು ಮೂರು ಐದು. ಏಳಂತ ಏಳು! ಮಾಸ್ತರ್ ಅಂತ ಮಾಸ್ತರ್."

ಮಾಸ್ತರರು ಅಲ್ಲೇ ಕುಳಿತು ಶ್ರೀವಲ್ಲಭರಿಗೆ ಫೋನ್ ಹಚ್ಚಿದರು. "ಸರ್, ಆ ಧ್ವನಿ ನಮ್ಮ ತಾಯಿದು. ತಗದ್ರ ಪಾಠ ಉಳಿಯಂಗಿಲ್ರಿ. ಹೆಂಗೈತಿ ಹಂಗ ಬೇಕಾದ್ರ ಕಳಸ್ತೇನಿ, ಸ್ವಚ್ಛದ್ದು ಆಗಂಗಿಲ್ಲ. ತಿಳೀತ್ರಿ ಸರ್?" ಆ ಕಡೆಯಿಂದ "ಹ್ಞೂ" ಎಂಬ ಉತ್ತರ ಬಂತು. ತಿಳಿಯದ ಹ್ಞೂ ಅದು, ಮಾಸ್ತರರಿಗೆ ಚೆನ್ನಾಗಿ ಗೊತ್ತಾಯಿತು. ಆದರೆ ಅವರಿಗಾಗಿ ಹಿಂದಕ್ಕೆ ಹೋಗಿ ಮತ್ತೆ ಹೇಳಲು ಪುರುಸೊತ್ತಿರಲಿಲ್ಲ. ಒಂಬತ್ತೇ ದಿನ ಉಳಿದಿತ್ತು.

ಆ ಒಂಬತ್ತು ದಿನ ಇಂದ್ರವ್ವ ಮನೆಯಲ್ಲಿ ಕಾಲಿನ ಬೆರಳ ಮೇಲೆ ನಡೆದಳು. ಕುಕ್ಕರಿನ ಸೀಟಿ ಮಧ್ಯಾಹ್ನಕ್ಕೆ ನಿಷಿದ್ಧವಾಯಿತು. ಕತ್ತರಿಸಿದ ಐದು ಪಾಠಗಳ ಕತ್ತರಿಸದ ಪ್ರತಿ ಹೋಯಿತು, ಅದರ ಮೇಲೆ ಹೊಸವು ಏಳು ಹೋದವು. ಊಹುಂಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಒಂದು ಪಾಠದ ನಡುವೆ ಓಣಿಯಲ್ಲಿ ಹಳೆಯ ಪಾತ್ರೆ ಕೊಳ್ಳುವವನು ಕೂಗುತ್ತಾನೆ, ಹನಮವ್ವ "ತಡಿಯಪ್ಪಾ, ಇಲ್ಲಿ ತ್ರಿಜ್ಯ ನಡದೈತಿ" ಎಂದು ಗದರುತ್ತಾಳೆ. ಅದೂ ಹಾಗೆಯೇ ಹೋಯಿತು.

ಜೂನ್ ಮಧ್ಯದಲ್ಲಿ ಫಲಿತಾಂಶ ಬಂತು. ಅದಾದ ಮೊದಲ ರವಿವಾರ ಹನ್ನೊಂದು ಮಕ್ಕಳೂ ಎರಡು ಬಸ್ಸು ಬದಲಿಸಿ, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಇಂಡಿಗೆ ಬಂದಿಳಿದರು. ಬಾಗಿಲಿನಲ್ಲಿ ನಿಂತಿದ್ದ ಮಾಸ್ತರರಿಗೆ ಒಂದು ನಮಸ್ಕಾರ ಒಗೆದು, ಹಾದು ಒಳಗೆ ಹೋಗಿ, "ಆಯಿ ಯಾರ್ರಿ? ಆಯಿ ಎಲ್ಲಿ ಅದಾರ್ರಿ?" ಎಂದು ಹುಡುಕಿದರು. ಹನಮವ್ವನ ಕಾಲಿಗೆ ಎಲ್ಲರೂ ಒಮ್ಮೆಲೇ ಬಿದ್ದು ತಲೆ ತಲೆಗೆ ಬಡಿದವು. ನಿಷತಳಿಗೆ ಗಣಿತದಲ್ಲಿ ಅರವತ್ತೊಂದು. ಅವರಪ್ಪ ಹೊಲಿಗೆ ಮಷಿನಿನ ಅಡ್ವಾನ್ಸ್ ತಿರುಗಿ ಕೇಳಲು ಹೋಗಿದ್ದಾನಂತೆ, ಅಂಗಡಿಯವನು ಕೊಡಲು ಒಲ್ಲೆನೆನ್ನುತ್ತಿದ್ದಾನಂತೆ. ಹತ್ತು ಮಕ್ಕಳು ಪಾಸು.

ಹನ್ನೊಂದನೆಯವನು ಬಾಗಿಲ ಹತ್ತಿರ ಚಪ್ಪಲಿಗಳ ಮಧ್ಯೆ ನಿಂತಿದ್ದ. ಭೀಮು. ಇಪ್ಪತ್ತೊಂಬತ್ತು.

"ಒಳಗ ಬಾರಪ್ಪಾ," ಎಂದಳು ಹನಮವ್ವ. "ಮೂರನೇದ್ದೂ ಒಂದು ಪರೀಕ್ಷಾ ಐತಂತಲ್ಲ?"

"ಹ್ಞೂ ಆಯಿ."

"ಕಟ್ಟೀಯೇನು?"

"ಹ್ಞೂ ಆಯಿ."

"ಲೆಕ್ಕ ತಿಳಿದಾವೇನು?"

"ಹ್ಞೂ ಆಯಿ," ಅಂದ ಭೀಮು, ಎಂದಿನಂತೆ ಕೇಳಿ ಮುಗಿಸುವ ಮೊದಲೇ. ಮಕ್ಕಳು ಗೊಳ್ಳೆಂದು ನಕ್ಕರು. ಹನಮವ್ವ ನಗಲಿಲ್ಲ. ಆ ಹ್ಞೂ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಅವನನ್ನು ಕೈಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.

"ತಿಳಿಲಿಲ್ಲ ಅಂದ್ರ ಇಲ್ಲಿ ಯಾರೂ ಹಲ್ಲು ಕಡಿಯಂಗಿಲ್ಲೋ ಮಗನ. ನಿಮ್ಮ ಮಾಸ್ತರ್ ಮುಂದ ನಾ ಎಷ್ಟ್ ಸಲ ಅಂದೇನಿ, ನೀ ಕೇಳೀಯಿಲ್ಲ? ನನ್ನ ಮಾರಿ ನೋಡು. ಈಗ ಹೇಳು. ಆ ಐದು ಆ ಕಡೆ ಹೋದ್ರ ಕಳಿಯೋದು ಯಾಕ ಆಗ್ತೈತಿ, ತಿಳಿದೈತೇನು?"

ಭೀಮು ನೆಲ ನೋಡಿದ. ಬಾಯಿ ಅಭ್ಯಾಸದ ಮೇಲೆ ಹ್ಞೂ ಅನ್ನಲು ತೆರೆಯಿತು, ಮುಚ್ಚಿತು.

"ಊಹುಂ," ಅಂದ, ಬಹಳ ಸಣ್ಣ ದನಿಯಲ್ಲಿ. "ಏನೂ ತಿಳಿದಿಲ್ರಿ ಆಯಿ. ಎಂಟನೇ ಇಯತ್ತೇಲಿಂದ ತಿಳಿದಿಲ್ಲ."

ಮಾಸ್ತರರು ಲಗುಬಗೆಯಿಂದ ಲ್ಯಾಪ್‌ಟಾಪ್ ತೆರೆದರು. ಗಂಟಲು ಸರಿಮಾಡಿಕೊಂಡು, "ನೋಡೋ ಭೀಮು..." ಎಂದು ಶುರು ಮಾಡಿದರು.

"ನೀ ಸುಮ್ಕಿರು," ಎಂದಳು ಹನಮವ್ವ. "ನಿನ್ನ ತಕ್ಕಡಿ ಹಲ್ಲಿ ಆಗ್ತೈತಿ." ಕಾಳು ಕೇರುವ ಎರಡು ಮೊರ ತರಿಸಿ ಮುಂದಿಟ್ಟುಕೊಂಡಳು. ಒಂದು ವಸ್ತ್ರದಲ್ಲಿ ಯಾರಿಗೂ ಕಾಣದ ಹಾಗೆ ಲಿಂಬಿಹಣ್ಣು ಹಾಕಿ ಗಂಟು ಕಟ್ಟಿ, ಒಂದು ಮೊರದಲ್ಲಿಟ್ಟಳು. ಪಕ್ಕಕ್ಕೆ ಐದು ಬಿಡಿ ಹಣ್ಣು. ಇನ್ನೊಂದು ಮೊರದಲ್ಲಿ ಹನ್ನೆರಡು ಎಣಿಸಿಟ್ಟಳು.

"ಸರ್ರ, ಕೆಂಪು ಚುಕ್ಕಿ ಒತ್ತಿಲ್ಲ ನೀವು," ಎಂದು ನಿಷತ ಪಿಸುಗುಟ್ಟಿದಳು.

"ಇರ್ಲಿ ಬಿಡವಾ," ಅಂದು ಮಾಸ್ತರರು ಲ್ಯಾಪ್‌ಟಾಪ್ ಮುಚ್ಚಿ, ಮಕ್ಕಳ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತರು.

ಹನಮವ್ವ ಗಂಟನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಈ ಗಂಟಿನ್ಯಾಗ ಎಷ್ಟದಾವ ಗೊತ್ತಿಲ್ಲ. ಗೊತ್ತಿಲ್ಲದಿದ್ರೂ ಒಳಗ ಅದಾವು." ನಿಲ್ಲಿಸಿದಳು. ಹುಬ್ಬೇರಿಸಿ ಎಲ್ಲರನ್ನೂ ನೋಡಿದಳು. ಯಾರಾದರೂ ಅನ್ನುವವರೆಗೆ ಅವಳು ಮುಂದೆ ಹೋಗುವವಳಲ್ಲ, ಅದು ಮಾಸ್ತರರಿಗೆ ಐವತ್ತು ವರ್ಷದಿಂದ ಗೊತ್ತಿತ್ತು.

"ಹ್ಞೂ ಯವ್ವ," ಅಂದರು ಅವರು. "ಮುಂದ ಹೇಳು."